ರೋಮನರ ಕಂಚಿನ ಅಲಂಕಾರಗಳಲ್ಲಿ ಪುರಾಣಮುಖಗಳು

೧

ಯುರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರಾಚೀನ ರೋಮಿನ ವಿಭಾಗವನ್ನು ಹೊಕ್ಕವರ ದೃಷ್ಟಿ ಮೊದಲು ಅಮೃತಶಿಲೆಯ ಪ್ರತಿಮೆಗಳ ಮೇಲೆ ನಿಲ್ಲುವುದು ಸಹಜ. ಅವುಗಳ ಬದಿಯ ಗಾಜಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಇಟ್ಟ ಕಂಚಿನ ಸಣ್ಣ ಮುಖಗಳನ್ನು ಗಮನವಿಟ್ಟು ನೋಡುವವರು ಕಡಿಮೆ. ಒಂದು ಮುಖ ನಾಣ್ಯದಷ್ಟು ಚಿಕ್ಕದು, ಇನ್ನೊಂದು ಅಂಗೈಯಷ್ಟು ಅಗಲ. ಒಂದರ ತಲೆಗೂದಲಲ್ಲಿ ಹಾವುಗಳು ಹೆಣೆದುಕೊಂಡಿವೆ. ಇನ್ನೊಂದಕ್ಕೆ ದ್ರಾಕ್ಷಿಯ ಎಲೆಗಳ ಮಾಲೆ. ಮತ್ತೊಂದರ ಹಣೆಯಿಂದ ಟಗರಿನ ಕೊಂಬುಗಳು ಸುರುಳಿಯಾಗಿ ಇಳಿದಿವೆ. ಇವಕ್ಕೆ ಕೊರಳಿಲ್ಲ, ಮೈಯಿಲ್ಲ. ಮಗುಚಿ ನೋಡಿದರೆ ಬೆನ್ನು ಟೊಳ್ಳು, ಅಥವಾ ಚಪ್ಪಟೆ; ಅಲ್ಲಲ್ಲಿ ಹಳೆಯ ಬೆಸುಗೆಯ ಕಲೆ.

ಆ ಬೆಸುಗೆಯ ಕಲೆಯೇ ಈ ವಸ್ತುಗಳ ಚರಿತ್ರೆಯ ಮೊದಲ ಪುಟ. ಇವು ಸ್ವತಂತ್ರವಾದ ಪ್ರತಿಮೆಗಳಲ್ಲ. ಪ್ರತಿಯೊಂದು ಮುಖವೂ ಒಂದು ಕಾಲದಲ್ಲಿ ಹೂಜಿಯ ಹಿಡಿಗೋ, ಮಂಚದ ತಲೆಗಟ್ಟಿಗೋ, ಬಾಗಿಲಿನ ಹಲಗೆಗೋ, ಕುದುರೆಯ ಸಜ್ಜಿಗೋ, ಹಡಗಿನ ತೊಲೆಗೋ ಅಂಟಿಕೊಂಡಿತ್ತು. ಮರ ಕೊಳೆಯಿತು, ತೊಗಲು ಮಣ್ಣಾಯಿತು, ತೆಳುವಾದ ತಗಡು ತುಕ್ಕುಹಿಡಿದು ಪುಡಿಯಾಯಿತು. ಎರಕ ಹೊಯ್ದ ಗಟ್ಟಿಯಾದ ಮುಖ ಮಾತ್ರ ಉಳಿಯಿತು. ಆದ್ದರಿಂದ ಈ ಮುಖ ಯಾರದು ಎಂದು ಕೇಳಿದರೆ ಸಾಲದು. ಯಾವುದಕ್ಕೆ ಅಂಟಿಕೊಂಡಿತ್ತು, ಅಲ್ಲಿಂದ ಹೇಗೆ ಬೇರ್ಪಟ್ಟಿತು ಎಂಬ ಪ್ರಶ್ನೆಗಳನ್ನೂ ಜೊತೆಯಲ್ಲಿಯೇ ಕೇಳಬೇಕಾಗುತ್ತದೆ. ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದಲ್ಲಿ ಮೊದಲನೆಯದಕ್ಕೆ ದೊರೆತ ಉತ್ತರವೂ ಅರ್ಧ ಸತ್ಯವಾಗಿಯೇ ಉಳಿಯುತ್ತದೆ.

೨

ಕಂಚಿನ ಪಾತ್ರೆಗಳ ತಯಾರಿಕೆಗೆ ಇಟಲಿಯಲ್ಲಿ ಕಂಪಾನಿಯ ಪ್ರಾಂತ, ಅದರಲ್ಲಿಯೂ ಕಪುವ ಪಟ್ಟಣ, ಬಹುಕಾಲ ಹೆಸರಾಗಿತ್ತು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಬೇಸಾಯದ ಮೇಲೆ ಗ್ರಂಥ ಬರೆದ ಹಿರಿಯ ಕೇಟೊ, ನೀರಿನ ಹೂಜಿ, ಎಣ್ಣೆಯ ಕೊಡ ಮುಂತಾದ ಲೋಹದ ಪಾತ್ರೆಗಳನ್ನು ಕಪುವ ಹಾಗೂ ನೋಲ ಪಟ್ಟಣಗಳಲ್ಲಿ ಕೊಳ್ಳಬೇಕೆಂದು ಜಮೀನುದಾರನಿಗೆ ಸಲಹೆಯಿತ್ತಿದ್ದಾನೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಪಬ್ಲಿಯಸ್ ಕಿಪಿಯಸ್ ಪಾಲಿಬಿಯಸ್ ಎಂಬ ತಯಾರಕನ ಮುದ್ರೆಯುಳ್ಳ ಬಾಣಲೆಗಳು ಸಾಮ್ರಾಜ್ಯದ ಎಲ್ಲೆಯನ್ನು ದಾಟಿ ಉತ್ತರ ಯುರೋಪಿನ ಗೋರಿಗಳವರೆಗೆ ಹೋಗಿವೆ.

ಇಂತಹ ಪಾತ್ರೆಗಳ ರಚನೆಯನ್ನು ತಿಳಿದರೆ ಮುಖಗಳ ಸ್ಥಾನವೂ ತಿಳಿಯುತ್ತದೆ. ಹೂಜಿಯ ಒಡಲನ್ನು ತಗಡಿನಿಂದ ಬಡಿದು ಎಬ್ಬಿಸುತ್ತಿದ್ದರು. ಇಲ್ಲವೆ ಎರಕ ಹೊಯ್ದು, ಕಡಚಲಿಗೆ ಹಿಡಿದು ತೆಳುಗೊಳಿಸುತ್ತಿದ್ದರು. ಹಿಡಿ ಮಾತ್ರ ಬೇರೆಯೇ ಎರಕ. ಮೇಣದಲ್ಲಿ ರೂಪವನ್ನು ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಇಳಿಸಿ, ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುವ ಕ್ರಮವದು. ದಕ್ಷಿಣ ಭಾರತದ ಸ್ಥಪತಿಗಳಿಗೂ ಈ ಕ್ರಮ ಚಿರಪರಿಚಿತವಾದದ್ದೇ. ತಾಮ್ರಕ್ಕೆ ತವರ ಬೆರೆತರೆ ಕಂಚು. ರೋಮನ್ ಎರಕದವರು ಹಲವು ವೇಳೆ ಸೀಸವನ್ನೂ ಬೆರೆಸುತ್ತಿದ್ದರು. ಸೀಸ ಬೆರೆತ ಲೋಹ ಅಚ್ಚಿನ ಸಂದುಗೊಂದುಗಳಿಗೆ ಸಲೀಸಾಗಿ ಹರಿದು ಕೂದಲಿನ ಎಳೆ, ಗಡ್ಡದ ಸುರುಳಿಗಳನ್ನು ತುಂಬುತ್ತದೆ. ಎರಕ ಆರಿದ ಮೇಲೆ ಉಳಿಯಿಂದ ತಿದ್ದಿ ನಯಗೊಳಿಸುವುದು. ಬೆಲೆಯುಳ್ಳ ವಸ್ತುವಾದರೆ ಕಣ್ಣಿಗೆ ಬೆಳ್ಳಿಯನ್ನೂ ತುಟಿಗೆ ಕೆಂಪು ತಾಮ್ರವನ್ನೂ ಕೂಡಿಸುವುದು.

ಹಿಡಿಯ ಕೆಳತುದಿ ಹೂಜಿಯ ಒಡಲಿಗೆ ಮುಟ್ಟುವ ಜಾಗದಲ್ಲಿ ಬೆಸುಗೆಗೆ ಹೆಚ್ಚು ಅಗಲ ಬೇಕು. ತುಂಬಿದ ಹೂಜಿಯ ಭಾರವೆಲ್ಲ ಬೀಳುವುದು ಅಲ್ಲಿಯೇ. ಆದಕಾರಣ ಅಲ್ಲಿ ಹಿಡಿಯನ್ನು ಎಲೆಯಂತೆ ಅಥವಾ ಬಿಲ್ಲೆಯಂತೆ ಅಗಲಗೊಳಿಸುತ್ತಿದ್ದರು. ಆ ಬಿಲ್ಲೆಯೇ ಮುಖಕ್ಕೆ ಪೀಠವಾಯಿತು. ಮಂಚದಲ್ಲಿ ತಲೆಗಟ್ಟು ಚೌಕಟ್ಟನ್ನು ಸೇರುವಲ್ಲಿ, ಬಾಗಿಲಿನಲ್ಲಿ ಉಂಗುರ ಹಲಗೆಯನ್ನು ಸೇರುವಲ್ಲಿ, ಸಜ್ಜಿನಲ್ಲಿ ಒಂದು ಪಟ್ಟಿ ಇನ್ನೊಂದನ್ನು ದಾಟುವಲ್ಲಿ ಕಾಣುವುದೂ ಇದೇ ರೀತಿ. ಮುಖವಿದ್ದದ್ದು ಬಹುಮಟ್ಟಿಗೆ ಸಂದಿನಲ್ಲಿ. ವಸ್ತುವಿನ ದುರ್ಬಲವಾದ ಸ್ಥಳವನ್ನು ಅದು ಮುಚ್ಚುತ್ತಿತ್ತು. ನೋಡುವವರ ಕಣ್ಣನ್ನು ಅಲ್ಲಿಗೇ ಸೆಳೆಯುತ್ತಲೂ ಇತ್ತು. ಕಾಲಕ್ರಮದಲ್ಲಿ ಬೆಸುಗೆ ಸಡಿಲಿದಾಗ ಮೊದಲು ಕಳಚಿಬಿದ್ದದ್ದೂ ಅದೇ. ಸಂಗ್ರಹಾಲಯಗಳಲ್ಲಿ ಬಿಡಿಯಾದ ಮುಖಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುವುದಕ್ಕೆ ಇದೊಂದು ಸರಳವಾದ ಕಾರಣ.

೩

ಈ ಮುಖಗಳಲ್ಲಿ ಬಹುಪಾಲು ಬ್ಯಾಕಸ್ ದೇವತೆಯ ಪರಿವಾರಕ್ಕೆ ಸೇರಿದವು. ಬ್ಯಾಕಸನು ಗ್ರೀಕರ ಡಯೊನೈಸಸ್. ದ್ರಾಕ್ಷಿಗೂ ಮದ್ಯಕ್ಕೂ ಮೈಮರೆವಿನ ಆವೇಶಕ್ಕೂ ಒಡೆಯ. ಅವನೊಡನೆ ಬೋಳುತಲೆಯ, ಮೊಂಡುಮೂಗಿನ ಮುದುಕ ಸೈಲೀನಸ್. ಮೊನಚು ಕಿವಿಯ ಸ್ಯಾಟಿರರು. ಆವೇಶದಲ್ಲಿ ಕೂದಲು ಕೆದರಿ ಕುಣಿಯುವ ಮೀನಡರೆಂಬ ಸ್ತ್ರೀಯರು. ಮದ್ಯದ ಹೂಜಿಯ ಮೇಲೆ ಮದ್ಯದ ದೇವತೆಯ ಮುಖವಿರುವುದು ಸಹಜವೇ. ಆದರೆ ಈ ಸಹಜತೆಯ ಹಿಂದೆ ಒಂದು ಕಠೋರವಾದ ಇತಿಹಾಸವಿದೆ.

ರೋಮನ್ ಇತಿಹಾಸಕಾರ ಲಿವಿಯ ಮೂವತ್ತೊಂಬತ್ತನೆಯ ಪುಸ್ತಕದಲ್ಲಿ ಎರಡು ಸಂಗತಿಗಳು ಹತ್ತಿರ ಹತ್ತಿರ ಬರುತ್ತವೆ. ಮೊದಲನೆಯದು ಕ್ರಿ.ಪೂ. ೧೮೭ರದು. ಏಷ್ಯಾ ಮೈನರಿನಲ್ಲಿ ಗೆದ್ದು ಬಂದ ಸೇನಾಪತಿ ನೇಯಸ್ ಮಾನ್ಲಿಯಸ್ ವುಲ್ಸೊ ರೋಮಿನಲ್ಲಿ ವಿಜಯೋತ್ಸವವನ್ನು ಆಚರಿಸಿದನು. ಅವನ ಸೇನೆಯೊಡನೆ ಕಂಚು ತೊಡಿಸಿದ ಮಂಚಗಳು, ಬೆಲೆಬಾಳುವ ಹೊದಿಕೆಗಳು, ಔತಣದಲ್ಲಿ ಹಾಡಿ ನುಡಿಸುವ ಹೆಂಗಳೆಯರು ಊರೊಳಗೆ ಬಂದರೆಂದೂ, ಅಂದಿನಿಂದಲೇ ಅಡಿಗೆಯವನಿಗೆ ಬೆಲೆ ಬಂದಿತೆಂದೂ ಲಿವಿ ಬರೆಯುತ್ತಾನೆ. ಎರಡನೆಯದು ಅದರ ಮರುವರ್ಷದ್ದು. ಬ್ಯಾಕಸನ ಹೆಸರಿನಲ್ಲಿ ರಾತ್ರಿಯ ವೇಳೆ ಗುಪ್ತವಾಗಿ ಕೂಡುತ್ತಿದ್ದ ಭಕ್ತಮಂಡಲಿಗಳ ವಿಷಯ ಕಾನ್ಸಲರ ಕಿವಿಗೆ ಬಿದ್ದಿತು. ವಿಚಾರಣೆ ನಡೆಯಿತು. ಅದರಲ್ಲಿ ಸಿಲುಕಿದ ಸ್ತ್ರೀಪುರುಷರು ಏಳು ಸಾವಿರಕ್ಕೂ ಮಿಕ್ಕಿದ್ದರೆಂದೂ, ಸೆರೆಗೆ ಹೋದವರಿಗಿಂತ ಮರಣದಂಡನೆಗೆ ಗುರಿಯಾದವರೇ ಹೆಚ್ಚೆಂದೂ ಲಿವಿಯ ಹೇಳಿಕೆ. ರೋಮಿನ ಅಧಿಕಾರಿಯ ಅಪ್ಪಣೆಯಿಲ್ಲದೆ, ಸೆನೆಟ್ ಸಭೆಯ ಸಮ್ಮತಿಯಿಲ್ಲದೆ ಐವರಿಗಿಂತ ಹೆಚ್ಚು ಮಂದಿ ಈ ಪೂಜೆಗೆ ಕೂಡಬಾರದೆಂದು ಸೆನೆಟ್ ವಿಧಿಸಿತು. ಆ ಶಾಸನವನ್ನು ಕಂಚಿನ ಹಲಗೆಯಲ್ಲಿ ಕೊರೆದು ಎಲ್ಲರಿಗೂ ಕಾಣುವಂತೆ ನಿಲ್ಲಿಸಬೇಕೆಂಬ ಆಜ್ಞೆಯೂ ಹೊರಟಿತು. ಅಂತಹ ಒಂದು ಹಲಗೆ ದಕ್ಷಿಣ ಇಟಲಿಯ ತಿರಿಯೋಲೊ ಎಂಬಲ್ಲಿ ೧೬೪೦ರಲ್ಲಿ ಸಿಕ್ಕಿ, ಈಗ ವಿಯೆನ್ನಾ ನಗರದ ಸಂಗ್ರಹಾಲಯದಲ್ಲಿದೆ.

ಈ ಎರಡು ಘಟನೆಗಳನ್ನು ಬೇರೆ ಬೇರೆಯಾಗಿ ಓದುವುದೇ ರೂಢಿ. ಕಂಚಿನ ಮುಖಗಳನ್ನು ಕೈಯಲ್ಲಿ ಹಿಡಿದು ಓದಿದರೆ ಅವು ಒಂದೇ ಕಥೆಯ ಎರಡು ಮಗ್ಗುಲುಗಳಾಗಿ ತೋರುತ್ತವೆ. ಒರಗುಮಂಚಗಳ ತಲೆಗಟ್ಟಿನ ಕಂಚು ಬಳುಕಿದ ಸುರುಳಿಯಾಕಾರದ್ದು. ಅದರ ಮೇಲ್ತುದಿಯಲ್ಲಿ ದ್ರಾಕ್ಷಿಮಾಲೆ ತೊಟ್ಟ ಹೇಸರಗತ್ತೆಯ ಅಥವಾ ಕುದುರೆಯ ತಲೆ. ಕೆಳತುದಿಯ ಬಿಲ್ಲೆಯಲ್ಲಿ ಬ್ಯಾಕಸನ, ಸ್ಯಾಟಿರನ ಅಥವಾ ಮೀನಡಳ ಮುಖ. ಪೂಜೆಗೆಂದು ಆರು ಜನ ಕೂಡುವುದು ಅಪರಾಧವಾದ ಊರಿನಲ್ಲಿಯೇ ಆ ದೇವತೆಯ ಮುಖ ಶ್ರೀಮಂತರ ಭೋಜನಶಾಲೆಗೆ ಪೀಠೋಪಕರಣದ ರೂಪದಲ್ಲಿ ಪ್ರವೇಶಿಸಿತು. ಸೆನೆಟಿಗೆ ಭಯವಿದ್ದದ್ದು ಜನಸಮೂಹದ ವಿಷಯದಲ್ಲಿ; ಮುಖದ ವಿಷಯದಲ್ಲಿ ಅಲ್ಲ. ಪೂಜೆಯಿಂದ ಬೇರ್ಪಟ್ಟ ದೇವತೆ ಅಲಂಕಾರವಾದನು, ಅಲಂಕಾರವಾದುದರಿಂದ ಎಲ್ಲ ಮನೆಗಳಿಗೂ ಸಲ್ಲುವವನಾದನು. ಮೂರು ನಾಲ್ಕು ತಲೆಮಾರು ಕಳೆಯುವುದರೊಳಗೆ ಇಂತಹ ಸರಕು ಹಡಗುಗಟ್ಟಲೆ ಪಶ್ಚಿಮಕ್ಕೆ ಹರಿಯಿತು. ೧೯೦೭ರಲ್ಲಿ ಟ್ಯುನೀಸಿಯದ ಮಹ್ದಿಯ ಪಟ್ಟಣದ ಬಳಿ ಸ್ಪಂಜು ತೆಗೆಯುವ ಮುಳುಗುಗಾರರು ಕಂಡ ಹಡಗು ಕ್ರಿ.ಪೂ. ಒಂದನೆಯ ಶತಮಾನದ ಪೂರ್ವಾರ್ಧದಲ್ಲಿ ಮುಳುಗಿದ್ದು. ಅದರ ಸರಕಿನಲ್ಲಿ ಅಮೃತಶಿಲೆಯ ಕಂಬಗಳ ಜೊತೆಗೆ ಇಂತಹ ಮಂಚಗಳ ಕಂಚಿನ ಭಾಗಗಳೂ ಇದ್ದುವು.

ಮುಂದೆ ಈ ಮಂಚಗಳು ಎಷ್ಟು ಸಾಮಾನ್ಯವಾದುವೆಂದರೆ, ಕ್ರಿಸ್ತಶಕ ಎರಡನೆಯ ಶತಮಾನದ ಆರಂಭದ ಕವಿ ಜುವೆನಲ್ ತನ್ನ ಹನ್ನೊಂದನೆಯ ವಿಡಂಬನೆಯಲ್ಲಿ, ಮಾಲೆ ತೊಟ್ಟ ಕತ್ತೆಯ ತಲೆಯುಳ್ಳ ಕಂಚಿನ ಮಂಚವನ್ನು ಹಿಂದಿನವರ ಸರಳ ಜೀವನದ ಗುರುತಾಗಿ ನೆನೆಯುತ್ತಾನೆ. ಲಿವಿಗೆ ವಿಲಾಸದ ಬೀಜವಾಗಿ ಕಂಡದ್ದು ಜುವೆನಲ್ಲನಿಗೆ ಪೂರ್ವಿಕರ ಮಿತವ್ಯಯವಾಗಿ ಕಂಡಿತು. ವಸ್ತು ಒಂದೇ, ಅದನ್ನು ನೋಡುವ ತಲೆಮಾರು ಬೇರೆ.

೪

ಬ್ಯಾಕಸನ ಪರಿವಾರದ ನಂತರ ಹೆಚ್ಚಾಗಿ ಕಾಣಬರುವುದು ಮೆಡೂಸಳ ಮುಖ. ಅವಳು ಗಾರ್ಗನರೆಂಬ ಮೂವರು ಸೋದರಿಯರಲ್ಲಿ ಒಬ್ಬಳು. ಅವಳನ್ನು ಕಂಡವರು ಕಲ್ಲಾಗುತ್ತಿದ್ದರು. ಪರ್ಸಿಯಸ್ ಎಂಬ ವೀರ ಅವಳ ಶಿರಸ್ಸನ್ನು ಕಡಿದನು; ಅದು ಅಥೀನಾದೇವಿಯ ಎದೆಗವಚವನ್ನು ಸೇರಿತು. ಹೋಮರನ ಇಲಿಯಡ್ ಕಾವ್ಯದಲ್ಲಿಯೇ ದೇವಿಯ ಕವಚದ ಮೇಲೂ ಅಗಮೆಮ್ನಾನ್ ರಾಜನ ಗುರಾಣಿಯ ಮೇಲೂ ಗಾರ್ಗನ್ ಮುಖದ ವರ್ಣನೆಯಿದೆ.

ಕ್ರಿ.ಪೂ. ಆರನೆಯ ಶತಮಾನದ ಗ್ರೀಕ್ ಕಲೆಯಲ್ಲಿ ಈ ಮುಖ ಘೋರವಾದದ್ದು: ಗುಂಡಾದ ಅಗಲ ಮೋರೆ, ಬಿಟ್ಟ ಕಣ್ಣು, ಕೋರೆಹಲ್ಲು, ಹೊರಚಾಚಿದ ನಾಲಗೆ. ಆದರೆ ಶತಮಾನಗಳು ಉರುಳಿದಂತೆ ಘೋರತೆ ಇಳಿಯಿತು. ಅಲೆಕ್ಸಾಂಡರನ ತರುವಾಯದ ಕಾಲದಲ್ಲಿ ಮೆಡೂಸ ಸುಂದರಿಯಾದಳು. ತಲೆಯ ಮೇಲೆ ಎರಡು ಕಿರು ರೆಕ್ಕೆಗಳು, ಗಲ್ಲದ ಕೆಳಗೆ ಗಂಟುಹಾಕಿದ ಹಾವುಗಳು, ಕಣ್ಣಿನಲ್ಲಿ ನೋವು. ಆಗಸ್ಟಸ್ ಚಕ್ರವರ್ತಿಯ ಕಾಲದ ಕವಿ ಓವಿಡನಂತೂ, ಅವಳು ಮೊದಲು ರೂಪವತಿಯಾಗಿದ್ದಳೆಂದೂ, ಮಿನರ್ವಾದೇವಿಯ ಗುಡಿಯಲ್ಲಿ ನೆಪ್ಚೂನನ ಬಲಾತ್ಕಾರಕ್ಕೆ ಒಳಗಾದಳೆಂದೂ, ಶಿಕ್ಷೆ ಅವಳಿಗೇ ಆಯಿತೆಂದೂ ಹೇಳುತ್ತಾನೆ. ರೋಮನರು ಕಂಚಿನಲ್ಲಿ ಎರಕಹೊಯ್ದದ್ದು ಹೆಚ್ಚಾಗಿ ಈ ಎರಡನೆಯ ಮೆಡೂಸಳನ್ನು. ಕಾವಲಿಗೆ ಇಟ್ಟ ಮುಖ ತಾನೇ ಕರುಣೆಗೆ ಪಾತ್ರವಾದದ್ದು ಈ ಅಲಂಕಾರದ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.

ಇಷ್ಟಾದರೂ ಕಾವಲಿನ ಭಾವ ಪೂರ್ತಿಯಾಗಿ ಅಳಿಯಲಿಲ್ಲ; ಅದಕ್ಕೆ ಸೈನಿಕರೇ ಸಾಕ್ಷಿ. ರೋಮನ್ ಸೇನೆಯಲ್ಲಿ ಶೌರ್ಯಕ್ಕೆ ಮೆಚ್ಚಿಕೆಯಾಗಿ ಫಲೆರ ಎಂಬ ದುಂಡು ಬಿಲ್ಲೆಗಳನ್ನು ಕೊಡುತ್ತಿದ್ದರು. ಶತ್ರುವನ್ನು ಕೊಂದು ಅವನ ಆಯುಧಗಳನ್ನು ಕಿತ್ತುಕೊಂಡವನು ಪದಾತಿಯಾದರೆ ಒಂದು ಬಟ್ಟಲು, ರಾವುತನಾದರೆ ಕುದುರೆಯ ಸಜ್ಜಿನ ಫಲೆರಗಳು ಎಂದು ಕ್ರಿ.ಪೂ. ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವಿವರಿಸುತ್ತಾನೆ. ಕುದುರೆಯ ಸಜ್ಜಿನಿಂದ ಅವು ಮುಂದೆ ಯೋಧನ ಎದೆಗೇ ಏರಿದುವು. ೧೮೫೮ರಲ್ಲಿ ಜರ್ಮನಿಯ ಲೌವರ್ಸ್‌ಫೋರ್ಟ್ ಎಂಬಲ್ಲಿ ಸಿಕ್ಕಿದ ಒಂದು ತಂಡದ ಬಿಲ್ಲೆಗಳು ತೆಳುಬೆಳ್ಳಿಯವು; ಅವುಗಳಲ್ಲಿ ಮೆಡೂಸ, ಬ್ಯಾಕಸ್, ಟಗರುಕೊಂಬಿನ ಜುಪಿಟರ್ ಅಮ್ಮೋನ್ ಮುಂತಾದ ಮುಖಗಳಿವೆ. ಟೈಟಸ್ ಫ್ಲೇವಿಯಸ್ ಫೆಸ್ಟಸ್ ಎಂಬ ಒಡೆಯನ ಹೆಸರನ್ನು ಚುಕ್ಕೆಗಳಿಂದ ಕುಟ್ಟಿದೆ. ರೈನ್ ನದಿಯ ಬಳಿಯ ಕ್ಸಾಂಟನ್ನಿನಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಕುದುರೆಸಜ್ಜಿನ ಒಂದು ಕಂಚಿನ ಬಿಲ್ಲೆಯ ಮೇಲೆ ಅಶ್ವದಳಾಧಿಪತಿ ಪ್ಲಿನಿಯ ಹೆಸರಿದೆ. ತನ್ನ ‘ಪ್ರಕೃತಿ ಚರಿತ್ರೆ’ಯ ಮೂವತ್ತನಾಲ್ಕನೆಯ ಪುಸ್ತಕವನ್ನು ಕಂಚು ಮೊದಲಾದ ಲೋಹಗಳಿಗೆ ಮೀಸಲಿಟ್ಟು, ಕ್ರಿ.ಶ. ೭೯ರಲ್ಲಿ ವಿಸುವಿಯಸ್ ಸಿಡಿದಾಗ ಮಡಿದ ಹಿರಿಯ ಪ್ಲಿನಿಯೇ ಈತನೆಂದು ವಿದ್ವಾಂಸರು ಭಾವಿಸುತ್ತಾರೆ.

ಈ ಬಿಲ್ಲೆಗಳು ಮೈಮೇಲಿದ್ದಾಗ ಹೇಗೆ ಕಾಣುತ್ತಿದ್ದುವೆಂಬುದನ್ನು ಜರ್ಮನಿಯ ಬಾನ್ ಸಂಗ್ರಹಾಲಯದಲ್ಲಿರುವ ಒಂದು ಕಲ್ಲು ತೋರಿಸಿಕೊಡುತ್ತದೆ. ಅದು ಹದಿನೆಂಟನೆಯ ಲೀಜನ್ನಿನ ಶತಪತಿ ಮಾರ್ಕಸ್ ಕೇಲಿಯಸನ ಸ್ಮಾರಕ. ೧೬೨೦ರಲ್ಲಿ ಕ್ಸಾಂಟನ್ನಿನ ಬಳಿ ಸಿಕ್ಕಿದ್ದು. ಕ್ರಿ.ಶ. ೯ರಲ್ಲಿ ಸೇನಾಪತಿ ವಾರಸ್ ಮೂರು ಲೀಜನ್ನುಗಳೊಡನೆ ಜರ್ಮನಿಯ ಕಾಡಿನಲ್ಲಿ ನಾಶವಾದ ಯುದ್ಧದಲ್ಲಿ ಐವತ್ತಮೂರು ವರ್ಷ ದಾಟಿದ್ದ ಕೇಲಿಯಸನೂ ಬಿದ್ದನು. ಅವನ ತಮ್ಮನೋ ಅಣ್ಣನೋ ಆದ ಪಬ್ಲಿಯಸ್ ಈ ಕಲ್ಲನ್ನು ನಿಲ್ಲಿಸಿದನು. ಎಂದಾದರೂ ಎಲುಬುಗಳು ದೊರೆತರೆ ಅವನ್ನು ಇಲ್ಲಿ ಇಡಲು ಅಡ್ಡಿಯಿಲ್ಲವೆಂದು ಶಾಸನದಲ್ಲಿ ಬರೆಸಿದನು. ಕಲ್ಲಿನಲ್ಲಿ ಕೇಲಿಯಸ್ ಎದುರಿಗೆ ನೋಡುತ್ತಾ ನಿಂತಿದ್ದಾನೆ. ಎದೆಯ ತುಂಬ ಬಿಲ್ಲೆಗಳು. ನಡುವಿನ ಬಿಲ್ಲೆಯಲ್ಲಿ ಮೆಡೂಸ. ಕಾಯಬೇಕಾಗಿದ್ದ ಮುಖ ಕಾಯಲಿಲ್ಲ. ನಿಜವಾದ ಬಿಲ್ಲೆಗಳು ಅವನ ಎಲುಬಿನಂತೆಯೇ ಮರಳಿ ಬಂದಂತಿಲ್ಲ. ಕಲ್ಲಿನ ಮೇಲಿನ ನಕಲು ಮಾತ್ರ ಎರಡು ಸಾವಿರ ವರ್ಷ ಉಳಿದಿದೆ.

೫

ಮುಖವನ್ನು ಅದರ ಒಡಲಿನಿಂದ ಕೀಳುವ ಕೆಲಸ ಆಧುನಿಕ ಕಾಲದ ಪುರಾತನವಸ್ತು ವ್ಯಾಪಾರಿಗಳಿಂದ ಮೊದಲಾದದ್ದಲ್ಲ. ಕ್ರಿ.ಪೂ. ೭೩ರಿಂದ ೭೧ರವರೆಗೆ ಸಿಸಿಲಿಯ ಅಧಿಪತಿಯಾಗಿದ್ದ ವೆರೆಸ್ ಇದರಲ್ಲಿ ಎಲ್ಲರಿಗೂ ಹಿರಿಯ. ಕ್ರಿ.ಪೂ. ೭೦ರಲ್ಲಿ ಅವನ ಮೇಲೆ ಮೊಕದ್ದಮೆ ಹೂಡಿದ ಸಿಸಿರೊ, ವೆರೆಸನು ಮನೆಮನೆಯ ಬೆಳ್ಳಿಯ ಪಾತ್ರೆಗಳ ಮೇಲಿನ ಉಬ್ಬುಚಿತ್ರಗಳನ್ನು ಕೀಳಿಸಿದನೆಂದೂ, ಪಾತ್ರೆಗಳನ್ನು ಒಡೆಯರಿಗೆ ಬರಿದಾಗಿ ಹಿಂದಿರುಗಿಸಿದನೆಂದೂ ದೂರುತ್ತಾನೆ. ಸಿರಾಕ್ಯೂಸಿನ ಅರಮನೆಯಲ್ಲಿ ಅಕ್ಕಸಾಲಿಗರನ್ನು ಕೂಡಿಹಾಕಿ, ಎಂಟು ತಿಂಗಳ ಕಾಲ ಆ ಚಿತ್ರಗಳನ್ನು ಚಿನ್ನದ ಪಾತ್ರೆಗಳಿಗೆ ಕೂಡಿಸುವ ಕೆಲಸ ನಡೆಯಿತಂತೆ. ಅದೇ ಊರಿನ ಮಿನರ್ವಾ ದೇವಾಲಯದ ಬಾಗಿಲುಗಳ ಮೇಲೆ ಹಾವುಗಳಿಂದ ಸುತ್ತುವರಿದ ಗಾರ್ಗನಳ ಅತಿಸುಂದರವಾದ ಮುಖವಿದ್ದಿತು. ವೆರೆಸ್ ಅದನ್ನೂ ಕಿತ್ತುಕೊಂಡು ಹೋದನು. ಕಂಡವರನ್ನು ಕಲ್ಲಾಗಿಸುವ ಮುಖ ತನ್ನನ್ನು ಕಿತ್ತವನನ್ನು ತಡೆಯಲಾರದಾಯಿತು. ಸಿಸಿರೊವಿನ ಮಾತುಗಾರಿಕೆ ಮಾತ್ರ ತಡೆದಿತು. ತೀರ್ಪಿಗೆ ಮುಂಚೆಯೇ ವೆರೆಸ್ ಮಸ್ಸಿಲಿಯಕ್ಕೆ, ಅಂದರೆ ಈಗಿನ ಮಾರ್ಸೇಲ್ಸಿಗೆ, ಓಡಿಹೋದನು.

ಈ ಕಥೆಯ ಪುನರಾವೃತ್ತಿ ಹತ್ತೊಂಬತ್ತನೆಯ ಶತಮಾನದಲ್ಲಿ ನೆಮಿ ಸರೋವರದಲ್ಲಿ ನಡೆಯಿತು. ರೋಮಿಗೆ ಸುಮಾರು ೩೦ ಕಿಲೋಮೀಟರು ದೂರದ ಆ ಬೆಟ್ಟದ ಕೊಳದಲ್ಲಿ ಚಕ್ರವರ್ತಿ ಕಲಿಗುಲ (ಕ್ರಿ.ಶ. ೩೭–೪೧) ಎರಡು ಭಾರಿ ಹಡಗುಗಳನ್ನು ಕಟ್ಟಿಸಿದ್ದನು, ಒಂದೊಂದೂ ಎಪ್ಪತ್ತು ಮೀಟರಿನಷ್ಟು ಅಥವಾ ಅದಕ್ಕೂ ಮಿಕ್ಕಿದ ಉದ್ದ. ತೊಲೆಗಳ ತುದಿಗಳಿಗೆ ಕಂಚಿನ ತಲೆಗಳನ್ನು ತೊಡಿಸಿತ್ತು: ಬಾಯಲ್ಲಿ ಉಂಗುರ ಕಚ್ಚಿದ ಸಿಂಹ, ತೋಳ, ಒಂದೆಡೆ ಮೆಡೂಸ. ಹಡಗುಗಳು ಮುಳುಗಿದುವು. ೧೪೪೬ರಲ್ಲಿ ಅಲ್ಬೆರ್ತಿ ಎಂಬ ಪ್ರಸಿದ್ಧ ವಾಸ್ತುತಜ್ಞನೂ, ೧೫೩೫ರಲ್ಲಿ ದೆ ಮಾರ್ಕಿಯೂ ಅವನ್ನು ಎತ್ತಲು ಯತ್ನಿಸಿ ಕೈಚೆಲ್ಲಿದರು. ೧೮೯೫ರಲ್ಲಿ ಎಲಿಸೆಯೊ ಬೋರ್ಗಿ ಎಂಬ ಪುರಾತನವಸ್ತು ವ್ಯಾಪಾರಿ ಮುಳುಗುಗಾರರನ್ನು ಇಳಿಸಿ ಕಂಚಿನ ತಲೆಗಳನ್ನು ಕಿತ್ತು ತೆಗೆಸಿದನು. ಅವುಗಳೊಡನೆ ಬಹಳಷ್ಟು ಮರವೂ ಕಿತ್ತುಬಂದಿತು. ಸರ್ಕಾರ ಮಧ್ಯೆ ಬಂದು ಆ ಕೆಲಸವನ್ನು ನಿಲ್ಲಿಸಿತು. ಕಂಚುಗಳು ರೋಮಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೇರಿದುವು. ೧೯೨೮ರಿಂದ ೧೯೩೨ರವರೆಗೆ ಸರೋವರದ ನೀರನ್ನು ಯಂತ್ರಗಳಿಂದ ಇಳಿಸಿ ಹಡಗುಗಳನ್ನು ಹೊರತೆಗೆದರು. ದಡದಲ್ಲಿ ಅವಕ್ಕಾಗಿಯೇ ಕಟ್ಟಿದ ಸಂಗ್ರಹಾಲಯ ೧೯೪೦ರಲ್ಲಿ ತೆರೆಯಿತು.

ನಾಲ್ಕೇ ವರ್ಷಗಳಲ್ಲಿ, ೧೯೪೪ರ ಮೇ ೩೧ರ ರಾತ್ರಿ, ಯುದ್ಧದ ನಡುವೆ ಆ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಎರಡು ಹಡಗುಗಳೂ ಬೂದಿಯಾದುವು. ಬೆಂಕಿಗೆ ಕಾರಣರಾರೆಂಬ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ಕಂಚಿನ ತಲೆಗಳು ರೋಮಿನಲ್ಲಿದ್ದುದರಿಂದ ಉಳಿದುವು; ಈಗ ಅಲ್ಲಿಯ ಪಲಾಟ್ಸೊ ಮಾಸ್ಸಿಮೊ ಭವನದಲ್ಲಿವೆ. ಇಲ್ಲಿ ನ್ಯಾಯಾನ್ಯಾಯಗಳ ತೂಕ ಸುಲಭವಲ್ಲ. ಕಿತ್ತದ್ದು ತಪ್ಪು, ಕಿತ್ತದ್ದರಿಂದಲೇ ಉಳಿಯಿತೆಂಬುದೂ ನಿಜ. ಆದರೆ ಈ ತಲೆಗಳು ಇಂದಿಗೂ ಅರ್ಥವಾಗುವುದು, ೧೯೨೮ರ ತರುವಾಯ ಹಡಗುಗಳ ಅಳತೆ, ನಕ್ಷೆ, ಛಾಯಾಚಿತ್ರಗಳನ್ನು ಶ್ರದ್ಧೆಯಿಂದ ದಾಖಲಿಸಿದವರಿದ್ದುದರಿಂದ. ಒಡಲು ಸುಟ್ಟರೂ ಒಡಲಿನ ಲೆಕ್ಕ ಉಳಿದಿತ್ತು.

೬

ಈ ಮುಖಗಳು ಪೂರ್ವದಿಕ್ಕಿಗೂ ಪ್ರಯಾಣ ಮಾಡಿವೆ. ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮಿನಲ್ಲಿ, ಎಂದರೆ ಪ್ರಾಚೀನ ಕಪಿಶದಲ್ಲಿ, ಫ್ರೆಂಚ್ ವಿದ್ವಾಂಸ ಜೋಸೆಫ್ ಹಾಕಿನ್ ಅವರ ತಂಡ ೧೯೩೭ ಮತ್ತು ೧೯೩೯ರಲ್ಲಿ ಎರಡು ಮುಚ್ಚಿದ ಕೋಣೆಗಳನ್ನು ತೆರೆಯಿತು. ಭಾರತದ ದಂತದ ಕೆತ್ತನೆ, ಚೀಣದ ಅರಗಿನ ಪಾತ್ರೆ, ರೋಮನ್ ಜಗತ್ತಿನ ಗಾಜು ಮತ್ತು ಕಂಚು ಅಲ್ಲಿ ಒಟ್ಟಿಗೆ ಇದ್ದುವು. ಕಂಚುಗಳಲ್ಲಿ ಸೈಲೀನಸನ ಒಂದು ಮುಖವಿದೆ. ಇನ್ನೂ ವಿಚಿತ್ರವಾದದ್ದು, ನಡುವೆ ಗಾರ್ಗನ್ ಮುಖವಿದ್ದು ಸುತ್ತಲೂ ಮೀನುಗಳಿರುವ ಒಂದು ಕಂಚಿನ ಬೋಗುಣಿ. ಅಲುಗಿಸಿದರೆ ಮೀನಿನ ರೆಕ್ಕೆಗಳು ಆಡುವಂತೆ ಜೋಡಿಸಿದೆ. ಅಫ್ಘಾನಿಸ್ತಾನದಲ್ಲಿ ಯುದ್ಧ ಹಬ್ಬಿದಾಗ ಸಂಗ್ರಹಾಲಯದ ಸಿಬ್ಬಂದಿಯವರು ಬೆಗ್ರಾಮಿನ ಅನೇಕ ವಸ್ತುಗಳನ್ನು ೧೯೮೦ರ ದಶಕದ ಕೊನೆಯಲ್ಲಿ ಗುಟ್ಟಾಗಿ ಕೇಂದ್ರ ಬ್ಯಾಂಕಿನ ಭದ್ರಕೋಶಕ್ಕೆ ಸಾಗಿಸಿ, ಹದಿನೈದು ವರ್ಷದಷ್ಟು ಕಾಲ ಬಾಯಿ ಬಿಡದೆ ಕಾದರು. ಸಂಗ್ರಹಾಲಯ ಕೊಳ್ಳೆಹೋಯಿತು, ಭದ್ರಕೋಶದಲ್ಲಿದ್ದದ್ದು ಉಳಿಯಿತು.

ದಖ್ಖನ್ನಿನಲ್ಲಿಯೂ ಇಂತಹ ಒಂದು ಶೋಧ ನಡೆದಿದೆ. ಅದರಲ್ಲಿ ಒಬ್ಬ ಕನ್ನಡ ವಿದ್ವಾಂಸರ ಪಾತ್ರವಿದೆ. ಕೊಲ್ಲಾಪುರದಲ್ಲಿ ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ ೧೯೪೪ರ ಸುಮಾರಿಗೆ ಕಂಚಿನ ವಸ್ತುಗಳ ರಾಶಿ ಬೆಳಕಿಗೆ ಬಂದಿತು. ಅದಕ್ಕೆ ಕಾರಣರಾದವರು ಅಲ್ಲಿಯ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ಕೆ. ಜಿ. ಕುಂದಣಗಾರರು, ಉತ್ತರ ಕರ್ನಾಟಕ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ೧೯೩೯ರಲ್ಲಿ ಪ್ರಕಟಿಸಿದವರು, ೧೯೬೧ರ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ೧೯೪೫–೪೬ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಮತ್ತು ಎಂ. ಜಿ. ದೀಕ್ಷಿತರು ಅಲ್ಲಿ ಕ್ರಮಬದ್ಧವಾದ ಉತ್ಖನನ ನಡೆಸಿ ೧೯೫೨ರಲ್ಲಿ ವರದಿಯನ್ನು ಹೊರತಂದರು. ಶಾತವಾಹನರ ಕಾಲಕ್ಕೆ ಸೇರಿದ ಈ ರಾಶಿಯಲ್ಲಿ ಬಹುಪಾಲು ಸ್ಥಳೀಯರ ಕೆಲಸ. ಕೆಲವು ಮಾತ್ರ ಪಶ್ಚಿಮದಿಂದ ಬಂದವು: ರೋಮನರು ನೆಪ್ಚೂನ್ ಎಂದು ಕರೆಯುವ ಸಮುದ್ರದೇವತೆ ಪೊಸೈಡನನ ಕಿರುಪ್ರತಿಮೆ, ಒಂದು ಹೂಜಿ ಇತ್ಯಾದಿ. ಬರೋಡದ ಬಳಿಯ ಅಕೋಟದಲ್ಲಿ ಮನ್ಮಥಸದೃಶನಾದ ಈರೋಸ್ ದೇವತೆಯಿರುವ ಕಂಚಿನ ಹಿಡಿಯೊಂದು ದೊರೆತಿದೆ. ಅದರ ಪಾತ್ರೆ ಇಲ್ಲ.

ಚಂದ್ರವಳ್ಳಿಯಂತಹ ಸ್ಥಳಗಳಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿರುವಾಗ, ಕಂಚುಗಳು ಇಷ್ಟು ವಿರಳವೇಕೆ? ಒಂದು ಕಾರಣವನ್ನು ಪ್ಲಿನಿಯ ಮಾತಿನಿಂದ ಊಹಿಸಬಹುದು. ಭಾರತದಲ್ಲಿ ತಾಮ್ರವೂ ಸೀಸವೂ ಇಲ್ಲ, ಮುತ್ತುರತ್ನಗಳನ್ನು ಕೊಟ್ಟು ಅವನ್ನು ಕೊಳ್ಳುತ್ತಾರೆ ಎಂದು ಅವನು ಬರೆದಿದ್ದಾನೆ. ಈ ಮಾತು ಅತ್ಯುಕ್ತಿ. ಆದರೆ ಪಶ್ಚಿಮದ ಹಡಗುಗಳು ಭರುಕಚ್ಛಕ್ಕೆ ತಾಮ್ರ, ತವರ, ಸೀಸಗಳನ್ನು ತರುತ್ತಿದ್ದುವೆಂದು ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯೂ ಹೇಳುತ್ತದೆ. ಬೇಡಿಕೆಯಿದ್ದದ್ದು ಲೋಹಕ್ಕೆ. ಹಿಡಿ ಮುರಿದ ಹೂಜಿ ಕಂಚುಗಾರನ ತಕ್ಕಡಿಯಲ್ಲಿ ತೂಕವಷ್ಟೇ. ಅದರ ಮೇಲಿನ ದೇವತೆಯ ಕಥೆ ಇಲ್ಲಿ ಯಾರಿಗೂ ತಿಳಿಯದು. ಕಥೆ ತಿಳಿದಿದ್ದ ರೋಮಿನಲ್ಲಿಯೂ ಗತಿ ಬೇರೆಯಾಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಪೋಪ್ ಎಂಟನೆಯ ಅರ್ಬನ್ ಪ್ಯಾಂಥಿಯನ್ ದೇವಾಲಯದ ಮುಖಮಂಟಪದ ಕಂಚನ್ನು ಕೀಳಿಸಿ ಫಿರಂಗಿಗಳಿಗೆ ಕರಗಿಸಿದನು.

ಇಲ್ಲಿ ಕನ್ನಡಿಗರಿಗೆ ಸಹಜವಾಗಿ ಹೊಳೆಯುವ ಒಂದು ಹೋಲಿಕೆಯನ್ನೂ ಪರೀಕ್ಷಿಸಬೇಕು. ಬಿಟ್ಟ ಕಣ್ಣಿನ, ಕೋರೆಯ, ಒಡಲಿಲ್ಲದ ಕೀರ್ತಿಮುಖ ದೇವಾಲಯದ ತೋರಣದ ನೆತ್ತಿಯಲ್ಲಿ ಕುಳಿತು ಗಾರ್ಗನಳಂತೆಯೇ ಕಾಯುತ್ತದೆ. ಒಂದು ಇನ್ನೊಂದರಿಂದ ಹುಟ್ಟಿತೆಂದು ಹೇಳುವುದು ಆಕರ್ಷಕ. ಆದರೆ ಕಾಲಗಣನೆ ಅದಕ್ಕೆ ಒಪ್ಪುವುದಿಲ್ಲ. ಕೀರ್ತಿಮುಖವನ್ನು ಹೋಲುವುದು ಕ್ರಿ.ಪೂ. ಆರನೆಯ ಶತಮಾನದ ಘೋರವಾದ ಗಾರ್ಗನ್.  ಭಾರತದ ತೀರಕ್ಕೆ ರೋಮನ್ ಹಡಗುಗಳು ಬರುವ ವೇಳೆಗೆ ಮೆಡೂಸ ಬಹುಮಟ್ಟಿಗೆ ಸೌಮ್ಯಸುಂದರಿಯಾಗಿದ್ದಳು. ಕೀರ್ತಿಮುಖವೋ ತನ್ನ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುವುದು ಗುಪ್ತರ ಕಾಲದಲ್ಲಿ ಮತ್ತು ಅನಂತರ. ಬಾಗಿಲಿನಲ್ಲಿ, ಸಂದಿನಲ್ಲಿ, ಕೂಡುವ ಕಡೆಯಲ್ಲಿ ಒಂದು ಮುಖವನ್ನಿಟ್ಟು ಧೈರ್ಯ ತಂದುಕೊಳ್ಳುವ ಮನೋಧರ್ಮ ಎರಡು ಜನಾಂಗಗಳಿಗೂ ಸಮಾನವಾಗಿತ್ತೆಂದು ಹೇಳಿದರೆ ಸಾಕು. ಅದರಾಚೆಗೆ ಹೋಗಲು ಆಧಾರ ಬೇಕು.

೭

ಮೇಲಿನ ನಿದರ್ಶನಗಳನ್ನು ಒಟ್ಟುಗೂಡಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಶಾಂತಿಯ ಕಾಲದಲ್ಲಿ, ಬಳಕೆಯ ಮನೆಯಲ್ಲಿ, ಕಂಚು ಉಳಿಯುವುದಿಲ್ಲ. ಸವೆಯುತ್ತದೆ, ಮಾರಾಟವಾಗುತ್ತದೆ, ಕರಗುತ್ತದೆ. ಮಹ್ದಿಯದ ಸರಕು ಉಳಿದದ್ದು ಹಡಗು ಒಡೆದುದರಿಂದ. ಪಾಂಪೆಯಿಯ ಪಾತ್ರೆಗಳು ಉಳಿದದ್ದು ಊರು ಬೂದಿಯಡಿ ಹೂತುಹೋದುದರಿಂದ. ನೆಮಿಯ ತಲೆಗಳು ನೀರಿನಡಿಯಲ್ಲಿ, ಬೆಗ್ರಾಮಿನ ಬೋಗುಣಿ ಮುಚ್ಚಿದ ಕೋಣೆಯಲ್ಲಿ, ಬ್ರಹ್ಮಪುರಿಯ ಪೊಸೈಡನ್ ಮಣ್ಣಿನ ದಿಬ್ಬದಲ್ಲಿ. ಅನೇಕ ವೇಳೆ ಒಡೆಯನಿಗೆ ಬಂದ ಕೇಡೇ ವಸ್ತುವಿಗೆ ಕಾವಲಾಯಿತು. ಕೆಡುಕನ್ನು ದೂರವಿಡಲೆಂದು ಎರಕಹೊಯ್ದ ಮುಖಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ಕಟುವಾಗಿ ಸತ್ಯ.

ಆದಕಾರಣ ಇಂತಹ ಮುಖವೊಂದು ಮಣ್ಣಿನಲ್ಲಿಯೋ ಅಂಗಡಿಯಲ್ಲಿಯೋ ಕಣ್ಣಿಗೆ ಬಿದ್ದಾಗ ಅದರ ಅಂದವನ್ನು ಮೆಚ್ಚುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ: ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ, ಬೆನ್ನಿನ ಮೇಲೆ ಯಾವ ಬೆಸುಗೆಯ ಗುರುತಿದೆ ಎಂಬುದನ್ನು ಬರೆದಿಡುವುದು. ಕೊಲ್ಲಾಪುರದ ರಾಶಿ ಕಂಚುಗಾರನ ತಕ್ಕಡಿಯನ್ನು ಸೇರದೆ ಇತಿಹಾಸವನ್ನು ಸೇರಿದ್ದು, ಆ ಗಳಿಗೆಯಲ್ಲಿ ಅದರ ಬೆಲೆಯನ್ನು ಬಲ್ಲ ಅಧ್ಯಾಪಕರೊಬ್ಬರು ಆ ಊರಿನಲ್ಲಿ ಇದ್ದುದರಿಂದ. ಮೆಡೂಸಳ ಕಣ್ಣು ಯಾರನ್ನೂ ಕಲ್ಲಾಗಿಸಲಿಲ್ಲ, ಯಾವ ಮನೆಯನ್ನೂ ಕಾಯಲಿಲ್ಲ. ಅವಳ ಮುಖವನ್ನು ಕಾದವರು ಲೆಕ್ಕವಿಟ್ಟವರು, ಅಳತೆ ತೆಗೆದವರು, ಗುಟ್ಟನ್ನು ಉಳಿಸಿಕೊಂಡವರು. ಅವರ ಹೆಸರುಗಳು ಬಹುಮಟ್ಟಿಗೆ ಯಾವ ಕಂಚಿನ ಮೇಲೂ ಇಲ್ಲ.